ಮಗಳಿಗೆ ಎಟಿಆರ್ ವಿಮಾನವೋ, ಏರ್‌ಬಸ್ಸೋ? ಜ್ಯೇಷ್ಠತಾ ಪಟ್ಟಿಯ ನಿಜವಾದ ಲೆಕ್ಕ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕ. ಮಗಳಿಗೆ 24 ವರ್ಷ. ಕಲಬುರಗಿ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿತು ಕಮರ್ಷಿಯಲ್ ಪೈಲಟ್ ಪರವಾನಗಿ ಪಡೆದಿದ್ದಾಳೆ. ಒಂದು ದೊಡ್ಡ ವಿಮಾನ ಕಂಪನಿಗೆ ಆಯ್ಕೆಯಾಗಿದ್ದಾಳೆ. ಪ್ರೊಪೆಲ್ಲರಿನ ಸಣ್ಣ ಎಟಿಆರ್ ಬೇಕೋ, ಜೆಟ್ ವಿಮಾನವಾದ ಏರ್‌ಬಸ್ ಬೇಕೋ ಎಂದು ಆದ್ಯತೆ ಕೇಳುವ ಅರ್ಜಿ ಬಂದಿದೆ. ಎಟಿಆರ್ ಆದರೆ ಹೈದರಾಬಾದ್ ಬೇಸ್ (ಪೈಲಟ್ ನೆಲೆಸಿ ಕೆಲಸಕ್ಕೆ ಹೊರಡುವ ಊರು) ಸಿಗಬಹುದು, ಏರ್‌ಬಸ್ ಆದರೆ ಬಹುಶಃ ದೆಹಲಿ ಎನ್ನುತ್ತಾರೆ. ನನ್ನ ಪತ್ನಿಗೆ ಕಲಬುರಗಿಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತದೆ; ಮಗಳು ಹತ್ತಿರವಿದ್ದರೆ ಧೈರ್ಯ. ಆದರೆ ಎಟಿಆರ್ ಹತ್ತಿದವರು ಅದರಲ್ಲೇ ಉಳಿದುಬಿಡುತ್ತಾರೆ ಎಂದು ಹೆದರಿಸುತ್ತಾರೆ. ಅವಳ ಜೊತೆ ಕಲಿತ ಹುಡುಗ ಎರಡು ವಾರ ಮೊದಲೇ ಸೇರಿದ್ದಾನೆ. ಅವನು ಜೀವನಪೂರ್ತಿ ಅವಳಿಗಿಂತ ಮುಂದೆ ಎನ್ನುವುದು ನಿಜವೇ? ಕಲಬುರಗಿಯಲ್ಲೇ ಬೇಸ್ ಸಿಗುವುದಿಲ್ಲವೇ? ಮೂರು ಲಕ್ಷ ಕೊಟ್ಟರೆ ಹೈದರಾಬಾದ್ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಫೋನ್ ಮಾಡುತ್ತಿದ್ದಾರೆ. ನೆಂಟರೊಬ್ಬರು ಇದನ್ನು ಬಿಟ್ಟು ಬೇರೆ ಕಂಪನಿಗೆ ಕಾಯಿರಿ ಎನ್ನುತ್ತಾರೆ. ದಾರಿ ತೋರಿಸಿ.

ಉತ್ತರ: ಮಾಸ್ತರರೇ, ಮೊದಲು ಆ ಮೂರು ಲಕ್ಷದ ಮಾತನ್ನು ಮುಗಿಸಿಬಿಡೋಣ. ಒಂದು ರೂಪಾಯಿಯನ್ನೂ ಕೊಡಬೇಡಿ. ಯಾವ ಊರಿನಲ್ಲಿ ಎಷ್ಟು ಪೈಲಟ್‌ಗಳು ಬೇಕು ಎಂಬುದನ್ನು ಕಂಪನಿಯ ಸಿಬ್ಬಂದಿ ಯೋಜನಾ ವಿಭಾಗ ವಿಮಾನಗಳ ಸಂಖ್ಯೆ ನೋಡಿಕೊಂಡು ತಿಂಗಳುಗಳ ಮೊದಲೇ ಲೆಕ್ಕ ಹಾಕಿರುತ್ತದೆ. ಹೊರಗಿನವರ ಕೈ ಅಲ್ಲಿಗೆ ತಲುಪುವುದಿಲ್ಲ. ಇಂಥವರ ಕಸುಬು ನಡೆಯುವುದು ಹೀಗೆ: ಹತ್ತು ಮನೆಗಳಿಂದ ಹಣ ಎತ್ತುತ್ತಾರೆ, ಹತ್ತರಲ್ಲಿ ಮೂವರಿಗೆ ಹೇಗೂ ಹೈದರಾಬಾದ್ ಬರುತ್ತದೆ, ಅದನ್ನು ತಮ್ಮ ಪ್ರಭಾವವೆಂದು ಹೇಳಿಕೊಂಡು ಆ ಹಣ ಇಟ್ಟುಕೊಳ್ಳುತ್ತಾರೆ, ಉಳಿದವರನ್ನು ಸತಾಯಿಸುತ್ತಾರೆ. ನೀವು ಹಣ ಕೊಟ್ಟದ್ದು ಕಂಪನಿಗೆ ತಿಳಿದರೆ ಮಗಳ ಕೆಲಸಕ್ಕೇ ಕುತ್ತು. ಆ ಸಂಖ್ಯೆಯನ್ನು ಫೋನಿನಲ್ಲಿ ತಡೆಹಿಡಿಯಿರಿ.

ಉಳಿದ ಪ್ರಶ್ನೆಗಳ ಬೇರಿನಲ್ಲಿ ಒಂದೇ ಭಯ ಇದೆ. ಈ ಅರ್ಜಿಯಲ್ಲಿ ಒಂದು ಗೀಟು ತಪ್ಪಾಗಿ ಎಳೆದರೆ ಮಗಳ ಇಡೀ ಬದುಕು ಆ ದಾರಿಗೇ ಬೀಳುತ್ತದೆಯೇ ಎಂಬುದು. ಹಾಗಾಗುವುದಿಲ್ಲ. ಮೊದಲ ವಿಮಾನವೂ ಮೊದಲ ಊರೂ ಕೆಲವು ವರ್ಷಗಳ ಮಾತು. ಬಹುಕಾಲ ಉಳಿಯುವುದು ಬೇರೊಂದಿದೆ, ಅದಕ್ಕೆ ಬರುತ್ತೇನೆ.

ಜ್ಯೇಷ್ಠತಾ ಪಟ್ಟಿ ಎಂದರೇನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ನೀವೇ ಕುಳಿತಿದ್ದೀರಿ. ಪರದೆಯ ಮೇಲೆ ಖಾಲಿ ಶಾಲೆಗಳ ಹೆಸರು ಬರುತ್ತದೆ, ಮೇಲಿರುವವರು ಮೊದಲು ಆರಿಸಿಕೊಳ್ಳುತ್ತಾರೆ, ಕೆಳಗಿರುವವರ ಸರದಿ ಬರುವಾಗ ಪಟ್ಟಣದ ಹತ್ತಿರದ ಶಾಲೆಗಳು ಮುಗಿದಿರುತ್ತವೆ. ಪೈಲಟ್‌ಗಳ ಪಟ್ಟಿಯ ತತ್ವವೂ ಅದೇ: ಕಂಪನಿಗೆ ಮೊದಲು ಸೇರಿದವರ ಸಂಖ್ಯೆ ಮೇಲೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಅದು ಅಕ್ಷರಶಃ ಹಾಗೆಯೇ ನಡೆಯುತ್ತದೆ. ಯಾವ ವಿಮಾನ, ಯಾವ ಊರು, ಯಾವ ತಿಂಗಳು ರಜೆ, ಯಾವ ದಿನ ಯಾವ ಹಾರಾಟ, ಎಲ್ಲವನ್ನೂ ಸಂಖ್ಯೆಯೇ ನಿರ್ಧರಿಸುತ್ತದೆ. ಒಂದೇ ದಿನ ಸೇರಿದವರಲ್ಲಿ ಹಲವು ಕಡೆ ವಯಸ್ಸಿನಲ್ಲಿ ಹಿರಿಯರು ಮೇಲೆ ಬರುತ್ತಾರೆ.

ಮೊಬೈಲಿನಲ್ಲಿ ನಮ್ಮ ಮಕ್ಕಳು ನೋಡುವ ವಿಡಿಯೊಗಳಲ್ಲಿ ಹೆಚ್ಚಿನವು ಆ ದೇಶದವು. ಗೊಂದಲ ಹುಟ್ಟುವುದೂ ಅಲ್ಲಿಂದಲೇ. ನಮ್ಮಲ್ಲಿ ಹೊಸಬರ ಮೊದಲ ವಿಮಾನವನ್ನೂ ಬೇಸನ್ನೂ ಮುಖ್ಯವಾಗಿ ನಿರ್ಧರಿಸುವುದು ಕಂಪನಿಯ ಆ ಹೊತ್ತಿನ ಅಗತ್ಯ. ಆದ್ಯತೆ ಕೇಳುತ್ತಾರೆ, ಸಾಧ್ಯವಾದರೆ ಕೊಡುತ್ತಾರೆ. ನೇಮಕಾತಿ ಪತ್ರದಲ್ಲಿ 'ಕಂಪನಿ ಬಯಸಿದ ಯಾವುದೇ ಸ್ಥಳಕ್ಕೆ' ಎಂಬ ಸಾಲು ಇದ್ದೇ ಇರುತ್ತದೆ. ಸಂಖ್ಯೆಯ ತೂಕ ಗೊತ್ತಾಗುವುದು ಆಮೇಲೆ: ಬೇಸ್ ಬದಲಾವಣೆಗೆ ಸರದಿ ನಿಂತಾಗ, ಬೇರೆ ವಿಮಾನಕ್ಕೆ ಹೋಗುವಾಗ, ಕ್ಯಾಪ್ಟನ್ ತರಬೇತಿಗೆ ಕರೆ ಬರುವಾಗ. ಆಗಲೂ ಸಂಖ್ಯೆಯೊಂದೇ ಸಾಲದು. ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಪರವಾನಗಿಗೆ 1500 ಗಂಟೆಗಳ ಹಾರಾಟ ಆಗಿರಬೇಕು, ಸಿಮ್ಯುಲೇಟರ್ (ನೆಲದ ಮೇಲಿನ ಅಣಕು ವಿಮಾನ) ಪರೀಕ್ಷೆಗಳ ದಾಖಲೆ ಚೆನ್ನಾಗಿರಬೇಕು, ವೈದ್ಯಕೀಯ ಅರ್ಹತೆ ಉಳಿದಿರಬೇಕು. ಸರದಿ ಬಂದಾಗ ಇವು ಸಿದ್ಧವಿಲ್ಲದಿದ್ದರೆ ಕೆಳಗಿನವರು ದಾಟಿ ಹೋಗುತ್ತಾರೆ.

ಇನ್ನೊಂದು ಮಾತು. ನಮ್ಮ ಭಾಗದ ಹಲವು ಪಾಲಕರು ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಇಲ್ಲಿಯೂ ನೆರವಾಗುತ್ತದೆಯೇ ಎಂದು ಕೇಳುತ್ತಾರೆ. ಅದು ಸರ್ಕಾರಿ ಹುದ್ದೆಗಳಿಗೆ ಮತ್ತು ಶಿಕ್ಷಣ ಸಂಸ್ಥೆಗಳ ಸೀಟುಗಳಿಗೆ ಸಂಬಂಧಿಸಿದ್ದು. ಖಾಸಗಿ ವಿಮಾನ ಕಂಪನಿಯ ಪಟ್ಟಿಗೆ ಜಿಲ್ಲೆಯೂ ಗೊತ್ತಿಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ.

ಹಾರಾಟದ ಕೌಶಲಕ್ಕಿಂತ ಸೇರಿದ ದಿನಾಂಕಕ್ಕೆ ಇಷ್ಟು ಬೆಲೆ ಏಕೆ ಎಂದು ನೀವು ಕೇಳಬಹುದು. ನಾನೂ ಮೊದಲಿಗೆ ಇದನ್ನು ಅನ್ಯಾಯವೆಂದೇ ತಿಳಿದಿದ್ದೆ. ಮೂರು ದಶಕ ಹಾರಿಸಿದ ಮೇಲೆ, ಅದರಲ್ಲಿ ಅರ್ಧ ಕಾಲ ಹೊಸಬರಿಗೆ ಕಲಿಸಿದ ಮೇಲೆ, ಇದರ ಬೆಲೆ ಅರಿವಾಗಿದೆ. ಮಳೆಗಾಲದ ರಾತ್ರಿ, ಮುಂದೆ ಗುಡುಗಿನ ಮೋಡ ನಿಂತಿದೆ, ಕ್ಯಾಪ್ಟನ್ ಇಳಿಯದೆ ಬೇರೆ ನಿಲ್ದಾಣಕ್ಕೆ ಹೋಗುತ್ತಾನೆ. ಕಂಪನಿಗೆ ಲಕ್ಷಗಟ್ಟಲೆ ಖರ್ಚು. ಅವನ ಬೇಸು, ಅವನ ಬಡ್ತಿ ಮೇಲಧಿಕಾರಿಯ ಮೆಚ್ಚುಗೆಯ ಮೇಲೆ ನಿಂತಿದ್ದರೆ ಆ ಕ್ಷಣದಲ್ಲಿ ಅವನ ಮನಸ್ಸು ಅಳುಕುತ್ತಿತ್ತು. ಅವನ ಸಂಖ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರು ಎಂಬ ಭರವಸೆ ಅವನ ಹಿಂದೆ ಕುಳಿತ ಪ್ರಯಾಣಿಕರಿಗೂ ರಕ್ಷಣೆ.

ಈಗ ಎರಡು ವಾರ ಮೊದಲು ಸೇರಿದ ಹುಡುಗನ ವಿಷಯ. ಪಟ್ಟಿಯ ಮಟ್ಟಿಗೆ ಅದು ನಿಜ, ಇಬ್ಬರೂ ಅದೇ ಕಂಪನಿಯಲ್ಲಿರುವಷ್ಟು ಕಾಲ ಅವನ ಸಂಖ್ಯೆ ಮೇಲೆಯೇ ಇರುತ್ತದೆ. ಆದರೆ ಇಬ್ಬರ ನಡುವೆ ಇರುವುದು ಬಹುಶಃ ಐವತ್ತು ಜನ. ಸಾವಿರಗಟ್ಟಲೆ ಪೈಲಟ್‌ಗಳ ಪಟ್ಟಿಯಲ್ಲಿ ಅದು ತಿಂಗಳೊಪ್ಪತ್ತಿನ ಅಂತರ, ಅಷ್ಟೇ. ದಿನನಿತ್ಯ ಅನುಭವಕ್ಕೆ ಬರುವುದು ಕಂಪನಿಯ ಒಟ್ಟು ಸಂಖ್ಯೆಯಲ್ಲ. ಅದೇ ಊರಿನಲ್ಲಿ, ಅದೇ ವಿಮಾನದಲ್ಲಿ, ಅದೇ ಆಸನದಲ್ಲಿ ಕೂರುವವರ ನಡುವೆ ನಿಮ್ಮ ಮಗಳು ಎಲ್ಲಿದ್ದಾಳೆ ಎಂಬುದು. ಲೆಕ್ಕ ತಿಳಿಯಲೆಂದು ಒಂದು ಊಹೆ ಮಾಡೋಣ. ದೆಹಲಿಯಲ್ಲಿ ಏರ್‌ಬಸ್ ಸಹ ಪೈಲಟ್‌ಗಳು 600 ಇದ್ದಾರೆ, ಹೈದರಾಬಾದಿನಲ್ಲಿ ಎಟಿಆರ್ ಸಹ ಪೈಲಟ್‌ಗಳು 40 ಇದ್ದಾರೆ ಎಂದಿಟ್ಟುಕೊಳ್ಳಿ. ಎರಡೂ ಕಡೆ ಆಕೆ ಕೊನೆಯವಳಾಗಿಯೇ ಸೇರುತ್ತಾಳೆ. ಒಂದು ವರ್ಷದಲ್ಲಿ ಹೈದರಾಬಾದಿನಿಂದ ಮೇಲಿನ 12 ಜನ ಜೆಟ್ ವಿಮಾನಗಳಿಗೆ ಹೋಗಿ ಕೆಳಗೆ 12 ಜನ ಬಂದರೆ ಆಕೆ 28ನೆಯವಳು. ದೆಹಲಿಯಲ್ಲಿ ಅಷ್ಟೇ ಜನ ಹೋಗಿ ಬಂದರೆ 588ನೆಯವಳು. ದೀಪಾವಳಿಗೆ ಮನೆಗೆ ಬರುವವರು ಯಾರು, ಯುಗಾದಿಯ ದಿನ ಸ್ಟ್ಯಾಂಡ್‌ಬೈ ಎಂದು ಸಮವಸ್ತ್ರ ತೊಟ್ಟು ಫೋನಿನ ಪಕ್ಕ ಕೂರುವವರು ಯಾರು ಎಂಬುದರಲ್ಲಿ ಈ ವ್ಯತ್ಯಾಸ ಕಾಣುತ್ತದೆ. ರೋಸ್ಟರ್, ಅಂದರೆ ಯಾರಿಗೆ ಯಾವ ದಿನ ಕೆಲಸ ಎಂಬ ಪಟ್ಟಿ, ಮಾಡುವಾಗ ಹಿರಿತನವನ್ನು ಲೆಕ್ಕಿಸದ ಕಂಪನಿಗಳೂ ಇವೆ, ಅಲ್ಲಿ ಎಲ್ಲರಿಗೂ ಸರದಿಯಂತೆ ಬರುತ್ತದೆ. ಇದನ್ನು ಕೇಳಿಯೇ ತಿಳಿಯಬೇಕು.

ಕಲಬುರಗಿಯಲ್ಲಿ ಬೇಸ್ ಸಿಗುವುದಿಲ್ಲವೇ ಎಂದಿದ್ದೀರಿ. ಈ ಆಸೆ ನನಗೂ ಇತ್ತು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ನಿಲ್ದಾಣ ಉದ್ಘಾಟನೆಯಾದ ದಿನ ನನ್ನ ಕಣ್ಣು ತುಂಬಿ ಬಂದಿತ್ತು. ಆದರೆ ಬೇಸ್ ಎಂದರೆ ವಿಮಾನ ಇಳಿಯುವ ಊರಲ್ಲ. ಹಲವು ವಿಮಾನಗಳು ರಾತ್ರಿ ತಂಗುವ, ಬೆಳಗಿನ ಜಾವ ಒಂದರ ಹಿಂದೆ ಒಂದು ಏಳುವ, ಒಬ್ಬ ಪೈಲಟ್‌ಗೆ ಜ್ವರ ಬಂದರೆ ಇನ್ನೊಬ್ಬರನ್ನು ಗಂಟೆಯೊಳಗೆ ಕರೆಸಬಲ್ಲ, ದುರಸ್ತಿ ಸಿಬ್ಬಂದಿ ಇರುವ ಊರು ಬೇಸ್. ನಮ್ಮ ರನ್‌ವೇ ಮೂರು ಕಿಲೋಮೀಟರಿಗೂ ಉದ್ದವಿದೆ, ಏರ್‌ಬಸ್ ಕೂಡ ಇಳಿಯಬಹುದು. ಕೊರತೆ ಇರುವುದು ರನ್‌ವೇಯಲ್ಲಿ ಅಲ್ಲ, ದಿನದ ಹಾರಾಟಗಳ ಸಂಖ್ಯೆಯಲ್ಲಿ. ಬೀದರಿನಲ್ಲಿ ವಾಯುಪಡೆಯ ನೆಲೆಯೇ ಇದೆ, ಸಾಹಸ ಹಾರಾಟದ ಸೂರ್ಯಕಿರಣ ತಂಡದ ಮನೆ ಅದು. ಆದರೂ ನಾಗರಿಕ ವಿಮಾನಗಳ ಮಟ್ಟಿಗೆ ಅದೂ ಬಂದು ಹೋಗುವ ನಿಲ್ದಾಣ. ಯಾದಗಿರಿಗಂತೂ ರೈಲೇ ಗತಿ. ಹಾಗಾಗಿ ನಿಮಗೆ ಹತ್ತಿರ ಎಂದರೆ ಹೈದರಾಬಾದ್, ಅದರ ನಂತರ ಬೆಂಗಳೂರು.

ವಿಮಾನದ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಸುಳ್ಳು ಮಾತುಗಳು ಹೆಚ್ಚು. ಎಟಿಆರ್ 72 ಎರಡು ಪ್ರೊಪೆಲ್ಲರಿನ, ಎಪ್ಪತ್ತಕ್ಕೂ ಹೆಚ್ಚು ಆಸನಗಳ ವಿಮಾನ. ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತದೆ, 25 ಸಾವಿರ ಅಡಿಗಿಂತ ಮೇಲೆ ಏರುವುದಿಲ್ಲ. ಏರ್‌ಬಸ್ 320 ಮೋಡಗಳ ಮೇಲೆ, 39 ಸಾವಿರ ಅಡಿಯವರೆಗೆ ಹೋಗಿಬಿಡುತ್ತದೆ. ಎಟಿಆರ್‌ನ ಪೈಲಟ್ ಮೋಡಗಳ ನಡುವೆಯೇ ದಾರಿ ಹುಡುಕಬೇಕು, ಸಣ್ಣ ರನ್‌ವೇಗಳಲ್ಲಿ ಇಳಿಯಬೇಕು, ದಿನಕ್ಕೆ ನಾಲ್ಕು ಸಲ ಏರಿ ಇಳಿಯಬೇಕು. ದಣಿವು ಹೆಚ್ಚು. ಆದರೆ ಕೈ ಪಳಗುವುದು ಅಲ್ಲಿ. ನನ್ನ ಬಳಿ ಸಿಮ್ಯುಲೇಟರ್‌ಗೆ ಬಂದ ಹುಡುಗ ಹುಡುಗಿಯರಲ್ಲಿ ಯಾರು ಪ್ರೊಪೆಲ್ಲರ್ ವಿಮಾನದಿಂದ ಬಂದವರು ಎಂದು ಅಡ್ಡಗಾಳಿಯ ಮೊದಲ ಇಳಿಕೆಯಲ್ಲೇ ನನಗೆ ಗೊತ್ತಾಗುತ್ತಿತ್ತು.

ಅಲ್ಲೇ ಉಳಿದುಬಿಡುತ್ತಾರೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಎಟಿಆರ್‌ನ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಹಿಡಿದು ಏರ್‌ಬಸ್ ಹಾರಿಸುವಂತಿಲ್ಲ. ಮತ್ತೆ ನೆಲದ ಪಾಠ, ಸಿಮ್ಯುಲೇಟರ್, ತರಬೇತಿ ಕ್ಯಾಪ್ಟನ್ ಜೊತೆಗಿನ ಹಾರಾಟ, ಎಲ್ಲ ಹೊಸದಾಗಿ ಆಗಬೇಕು. ಆ ಖರ್ಚು ತಪ್ಪಿಸಲೆಂದೇ ಕಂಪನಿಗಳು ಇಷ್ಟು ವರ್ಷ ಈ ವಿಮಾನ ಬಿಡುವಂತಿಲ್ಲ ಎಂದು ಕರಾರಿನಲ್ಲಿ ಕಟ್ಟುತ್ತವೆ. ಇನ್ನರ್ಧ ಸತ್ಯವನ್ನು ಹೆದರಿಸುವವರು ಹೇಳುವುದಿಲ್ಲ. ಅಲ್ಲಿ ಹಾರಿದ ಪ್ರತಿ ಗಂಟೆಯೂ ಆ 1500ರ ಲೆಕ್ಕಕ್ಕೆ ಸೇರುತ್ತದೆ. ಎಟಿಆರ್ ಕ್ಯಾಪ್ಟನ್‌ಗಳು ಜೆಟ್ ಕಡೆಗೆ ಹೋಗುತ್ತಲೇ ಇರುವುದರಿಂದ ಕ್ಯಾಪ್ಟನ್ ಕೂರುವ ಎಡಗಡೆಯ ಆಸನ ಅಲ್ಲಿ ಬೇಗ ಖಾಲಿಯಾಗುತ್ತದೆ. ಸಂಬಳ ಸಾಮಾನ್ಯವಾಗಿ ಜೆಟ್‌ಗಿಂತ ಕಡಿಮೆ. ಮುಂದೆ ಏರ್‌ಬಸ್‌ಗೆ ಹೋಗುವಾಗ ಕ್ಯಾಪ್ಟನ್ ಆಗಿದ್ದವರೂ ಮತ್ತೆ ಸಹ ಪೈಲಟ್‌ನ ಬಲಗಡೆಯ ಆಸನದಲ್ಲಿ ಕೆಲಕಾಲ ಕೂರಬೇಕಾಗಬಹುದು. ಇದು ಕಹಿ, ಆದರೆ ತಿಳಿದು ಒಪ್ಪಿಕೊಂಡರೆ ನುಂಗಬಹುದಾದ ಕಹಿ.

ದೊಡ್ಡ ವಿಮಾನದ ಆಸೆಗೂ ಒಂದು ಮಾತು. ಖಂಡಾಂತರ ಹಾರುವ ಬೋಯಿಂಗ್ 787, ಏರ್‌ಬಸ್ 350 ವಿಮಾನಗಳಲ್ಲಿ ಹೊಸಬರಿಗೆ ತಿಂಗಳಿಗೆ ಸಿಗುವ ಇಳಿಕೆಗಳೇ ಕೆಲವು. 90 ದಿನಗಳಲ್ಲಿ ಮೂರು ಏರಿಕೆ, ಮೂರು ಇಳಿಕೆ ಆಗಿರಬೇಕೆಂಬ ನಿಯಮ ಪೂರೈಸಲು ಅಲ್ಲಿನ ಕೆಲವರು ಸಿಮ್ಯುಲೇಟರ್‌ಗೆ ಹೋಗಬೇಕಾಗುತ್ತದೆ. 24ರ ವಯಸ್ಸಿಗೆ ಅದು ಕಲಿಯುವ ಜಾಗವಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಮೊದಲೇ ಹೇಳಿದ, ಬಹುಕಾಲ ಉಳಿಯುವ ಆ ಸಂಗತಿ. ನಮ್ಮ ದೇಶದಲ್ಲಿ ಪೈಲಟ್ 65 ವರ್ಷದವರೆಗೆ ಹಾರಬಹುದು. ನಿಮ್ಮ ಮಗಳ ಮುಂದೆ 41 ವರ್ಷಗಳಿವೆ. ವಿಮಾನ ಬದಲಾಗುತ್ತದೆ, ಊರು ಬದಲಾಗುತ್ತದೆ, ಸಂಖ್ಯೆ ಮಾತ್ರ ಆ ಕಂಪನಿಯಲ್ಲಿರುವಷ್ಟು ಕಾಲ ಜೊತೆಗೇ ಬರುತ್ತದೆ. ಕಂಪನಿ ಬಿಟ್ಟ ದಿನ ಅದು ಸೊನ್ನೆ. ಸರ್ಕಾರಿ ಸೇವೆಯಂತೆ ಹಿಂದಿನ ಸೇವೆ ಪರಿಗಣಿಸುವ ಪದ್ಧತಿ ಇಲ್ಲಿಲ್ಲ. ಕ್ಯಾಪ್ಟನ್ ಆಗಿ ಬೇರೆ ಕಡೆ ಸೇರಬಹುದು, ಸಂಬಳ ಸಿಗಬಹುದು; ಪಟ್ಟಿಯಲ್ಲಿ ಮಾತ್ರ ಕೊನೆಯ ಸಾಲು.

ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ನಮ್ಮೂರು ಆಳಂದ ತಾಲ್ಲೂಕಿನಲ್ಲಿದೆ. ನನ್ನ ಮೊದಲ ಬೇಸ್ ಕೊಲ್ಕತ್ತ, ಪ್ರೊಪೆಲ್ಲರ್ ವಿಮಾನ. ಅವ್ವನನ್ನು ನೋಡಲು ಹೈದರಾಬಾದಿಗೆ ಬಂದು, ರಾತ್ರಿ ಬಸ್ಸಿನಲ್ಲಿ ಕಲಬುರಗಿ ಸೇರಿ, ಬೆಳಗ್ಗೆ ಮತ್ತೊಂದು ಬಸ್ ಹಿಡಿಯುತ್ತಿದ್ದೆ. ಮೂರನೆಯ ವರ್ಷ ನನಗಿಂತ ಮೇಲಿದ್ದ ಇಬ್ಬರು ಜೆಟ್‌ಗೆ ಹೋದರು, ಹೈದರಾಬಾದ್ ಬೇಸ್ ತಾನಾಗಿ ಬಂತು. ಅಷ್ಟಕ್ಕೆ ತೃಪ್ತನಾಗಲಿಲ್ಲ. ಇನ್ನೊಂದು ಕಂಪನಿಯವರು ಬೆಂಗಳೂರು ಬೇಸ್, ಜೆಟ್ ವಿಮಾನ ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಹೋದೆ. ಸೇರಿದ ಮೇಲೆ ಹಾಕಿದ್ದು ಮುಂಬಯಿಗೆ. ಕೇಳಿದರೆ ಪತ್ರದಲ್ಲಿ ಎಲ್ಲಿದೆ ಎಂದರು. ಹಳೆಯ ಕಂಪನಿಯಲ್ಲಿ ನನಗಿಂತ ಕೆಳಗಿದ್ದ ಗೆಳೆಯ ನನಗಿಂತ ನಾಲ್ಕು ವರ್ಷ ಮೊದಲೇ ಕ್ಯಾಪ್ಟನ್ ಆದ. ಮುಂದೆ ಹೊಸ ಕಂಪನಿ ವಿಮಾನಗಳನ್ನು ಕಡಿಮೆ ಮಾಡಿದಾಗ ಪಟ್ಟಿಯ ಕೆಳಗಿನಿಂದ ಜನರನ್ನು ಮನೆಗೆ ಕಳುಹಿಸುತ್ತ ಬಂದರು. ಆ ಕಡಿತ ನನಗಿಂತ ಹನ್ನೊಂದು ಸಾಲು ಕೆಳಗೆ ಬಂದು ನಿಂತಿತು. ಆ ಆರು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ಆದ್ದರಿಂದ ವಿಮಾನಕ್ಕಿಂತ, ಊರಿಗಿಂತ ಮೊದಲು ಕಂಪನಿಯನ್ನು ನೋಡಬೇಕು. ಬೆಳೆಯುವ ಕಂಪನಿಯಲ್ಲಿ ಪಟ್ಟಿ ಕೆಳಗೆ ಉದ್ದವಾಗುತ್ತದೆ, ಇಂದಿನ ಕೊನೆಯವಳು ಐದು ವರ್ಷದಲ್ಲಿ ನಡುವಿಗೆ ಬಂದಿರುತ್ತಾಳೆ. ಮುಚ್ಚಿದ ಕಂಪನಿಯಲ್ಲಿ ಮೊದಲನೆಯ ಸಂಖ್ಯೆಗೂ ಬೆಲೆಯಿಲ್ಲ: ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತಾಗ ಅಲ್ಲಿದ್ದ ಹಿರಿಯರು ಬೇರೆಡೆ ಕೊನೆಯ ಸಾಲಿನಿಂದ ಆರಂಭಿಸಿದರು. ಕಂಪನಿಗಳು ಕೂಡಿದಾಗಲೂ ಪೇಚು ಬರುತ್ತದೆ. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದವು. ಐದು ವರ್ಷದ ನಂತರವೂ ಹೊಸ ಬೋಯಿಂಗ್ 787ರ ತರಬೇತಿಗೆ ಯಾವ ಕಡೆಯ ಪೈಲಟ್‌ಗಳು ಹೋಗಬೇಕೆಂಬ ಜಗಳ ಮುಗಿದಿರಲಿಲ್ಲ. 2012ರಲ್ಲಿ ಪೈಲಟ್‌ಗಳು 58 ದಿನ ಮುಷ್ಕರ ಮಾಡಿದ್ದು ಆ ಕಾರಣಕ್ಕೆ. ಒಂದು ವಿಮಾನಕ್ಕೆ ಯಾರು ಮೊದಲು ಎಂಬ ಪ್ರಶ್ನೆಗೆ ಈ ಕಸುಬಿನಲ್ಲಿ ಎಷ್ಟು ತೂಕವಿದೆ ನೋಡಿ.

ನೆಂಟರು ಹೇಳಿದಂತೆ ಕಾಯುವುದು ನನಗೆ ಸರಿಕಾಣುವುದಿಲ್ಲ. ಕಾಯ್ದ ಪ್ರತಿ ತಿಂಗಳೂ ಪಟ್ಟಿಯಲ್ಲಿ ಬೇರೆಯವರು ಮುಂದೆ ಸೇರುತ್ತಿರುತ್ತಾರೆ, ಕೈಯ ಅಭ್ಯಾಸವೂ ತಪ್ಪುತ್ತದೆ. ಕಲಬುರಗಿಯ ತರಬೇತಿ ಶಾಲೆಯಲ್ಲೇ ಬೋಧಕಿಯಾಗುವುದು ಇನ್ನೊಂದು ದಾರಿ. ಅದಕ್ಕೆ ಪ್ರತ್ಯೇಕ ಅರ್ಹತೆ ಪಡೆಯಬೇಕು, ಗಂಟೆಗಳು ಸೇರುತ್ತವೆ, ತಾಯಿಯ ಪಕ್ಕದಲ್ಲೇ ಇರಬಹುದು. ಕೈಯಲ್ಲಿ ಆಯ್ಕೆಯ ಪತ್ರ ಇಲ್ಲದಿದ್ದರೆ ನಾನೇ ಇದನ್ನು ಸೂಚಿಸುತ್ತಿದ್ದೆ. ಪತ್ರ ಇರುವಾಗ ಬಿಡುವುದು ನಷ್ಟ. ಇದೇ ಬಾಗಿಲು ಎರಡು ವರ್ಷದ ನಂತರವೂ ತೆರೆದಿರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ.

ಉಳಿದದ್ದು ಅರ್ಜಿಯಲ್ಲಿರುವ ಎರಡು ಆಯ್ಕೆಗಳು. ಕಂಪನಿಯಲ್ಲಿ ಎಟಿಆರ್‌ಗೂ ಏರ್‌ಬಸ್‌ಗೂ ಸೇರಿ ಒಂದೇ ಜ್ಯೇಷ್ಠತಾ ಪಟ್ಟಿ ಇದ್ದರೆ, ಎಟಿಆರ್ ಬಿಡಬಾರದೆಂಬ ಅವಧಿ ಮೂರು ವರ್ಷದೊಳಗಿದ್ದರೆ, ನಿಮ್ಮ ಮನೆಯ ಪರಿಸ್ಥಿತಿಗೆ ಎಟಿಆರ್ ಒಳ್ಳೆಯದು ಎನ್ನುತ್ತೇನೆ. ಎರಡು ವಿಮಾನಗಳಿಗೆ ಎರಡು ಪಟ್ಟಿಗಳಿದ್ದು, ದಾಟುವಾಗ ಹೊಸ ಸಂಖ್ಯೆ ಕೊಡುತ್ತಾರೆಂದಾದರೆ ಏರ್‌ಬಸ್ ತೆಗೆದುಕೊಂಡು ದೆಹಲಿಗೆ ಹೋಗಲಿ. ಹೈದರಾಬಾದಿಗೆ ಬೇಸ್ ಬದಲಾವಣೆಯ ಅರ್ಜಿಯನ್ನು ಅವಕಾಶ ಸಿಕ್ಕ ಮೊದಲ ದಿನವೇ ಹಾಕಲಿ. ಅದಕ್ಕೆ ತಾಯಿಯ ಡಯಾಲಿಸಿಸ್ ದಾಖಲೆಗಳನ್ನು ಲಗತ್ತಿಸಿ. ಅನಾರೋಗ್ಯದ ಕಾರಣಕ್ಕೆ ಸರದಿ ಮೀರಿ ಬೇಸ್ ಕೊಡುವ ಕಂಪನಿಗಳಿವೆ, ಅದು ಹಲವು ಸಲ ತಾತ್ಕಾಲಿಕ ಎಂಬುದೂ ಗೊತ್ತಿರಲಿ. ಹೈದರಾಬಾದ್ ಸಿಕ್ಕಿದರೂ ಅಪಾಯವಿದೆ. ಆ ಊರನ್ನು ಬಯಸುವವರು ಬಹಳ. ವಿಮಾನಗಳು ಕಡಿಮೆಯಾದರೆ ಮೊದಲು ಬೇರೆ ಊರಿಗೆ ಹೋಗಬೇಕಾದವಳು ಪಟ್ಟಿಯ ಕೊನೆಯಲ್ಲಿರುವ ನಿಮ್ಮ ಮಗಳೇ.

ಹೈದರಾಬಾದ್ ಬೇಸ್ ಎಂದರೆ ಮನೆಯಿಂದಲೇ ಓಡಾಡಬಹುದು ಎಂದು ದಯವಿಟ್ಟು ಲೆಕ್ಕ ಹಾಕಬೇಡಿ. ಕಲಬುರಗಿಯಿಂದ ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಷಾಬಾದಿಗೆ ರಸ್ತೆಯಲ್ಲಿ ನಾಲ್ಕೈದು ಗಂಟೆ. ಸ್ಟ್ಯಾಂಡ್‌ಬೈ ಇದ್ದ ದಿನ ಕರೆದ ಸ್ವಲ್ಪ ಹೊತ್ತಿನಲ್ಲೇ ನಿಲ್ದಾಣದಲ್ಲಿರಬೇಕು. 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೊ ನಗರದ ಬಳಿ ಕಾಲ್ಗನ್ ಏರ್ ಕಂಪನಿಯ ಪ್ರೊಪೆಲ್ಲರ್ ವಿಮಾನ ಬಿದ್ದು 50 ಜನ ಸತ್ತರು. ಅದರ ಸಹ ಪೈಲಟ್ 24 ವರ್ಷದ ಹೆಣ್ಣುಮಗಳು. ಆಕೆ ಮನೆಯಿದ್ದ ಸಿಯಾಟಲ್‌ನಿಂದ ದೇಶದ ಇನ್ನೊಂದು ತುದಿಯ ಬೇಸ್‌ಗೆ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದಳು. ದಣಿವು ಇಬ್ಬರು ಪೈಲಟ್‌ಗಳ ಕೆಲಸವನ್ನೂ ಬಾಧಿಸಿರಬಹುದು ಎಂದು ತನಿಖೆ ಹೇಳಿತು. ನಿಮ್ಮ ಮಗಳ ವಯಸ್ಸೇ ಅದು, ಅದಕ್ಕೇ ಹೇಳುತ್ತಿದ್ದೇನೆ. ಶಂಷಾಬಾದಿನ ಹತ್ತಿರ ಕೋಣೆ ಹಿಡಿಯಲಿ. ಈಗ ವಾರದ ವಿಶ್ರಾಂತಿ 48 ಗಂಟೆಗೆ ಏರಿದೆ. ಆ ಬಿಡುವಿನಲ್ಲಿ ಊರಿಗೆ ಬರಲಿ. ಹಾರಾಟದ ಹಿಂದಿನ ರಾತ್ರಿ ಮಾತ್ರ ಕೋಣೆಯಲ್ಲೇ ಮಲಗಲಿ. ಅವ್ವನ ಡಯಾಲಿಸಿಸ್‌ಗೆ ಜೊತೆಗಿರುವ ಏರ್ಪಾಡು ಮಗಳ ರೋಸ್ಟರ್ ಮೇಲೆ ನಿಲ್ಲದಂತೆ ನೀವೇ ಬೇರೆ ನೋಡಿಕೊಳ್ಳಬೇಕು.

ಅರ್ಜಿಗೆ ಉತ್ತರಿಸುವ ಮೊದಲು ಮಗಳು ಕಂಪನಿಗೆ ಇಮೇಲ್ ಬರೆಯಲಿ, ಫೋನಿನಲ್ಲಿ ಕೇಳುವುದು ಬೇಡ. ಸೇವಾ ಹಿರಿತನ ಎಂದಿನಿಂದ ಎಣಿಸುತ್ತೀರಿ, ಸೇರಿದ ದಿನದಿಂದಲೋ, ತರಬೇತಿ ಮುಗಿಸಿ ಹಾರಾಟಕ್ಕೆ ಬಿಟ್ಟ ದಿನದಿಂದಲೋ? ಒಂದೇ ದಿನ ಸೇರಿದವರ ಕ್ರಮ ಯಾವುದು? ಪಟ್ಟಿ ಒಂದೋ ಎರಡೋ? ಎಟಿಆರ್‌ನ ಕಡ್ಡಾಯ ಅವಧಿ ಎಷ್ಟು, ನಡುವೆ ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್ ಎಷ್ಟು ವರ್ಷ, ಎಷ್ಟು ಹಣ? ಅಲ್ಲಿ ಕ್ಯಾಪ್ಟನ್ ಆದವರು ಏರ್‌ಬಸ್‌ಗೆ ಬಂದಾಗ ಯಾವ ಆಸನ? ಹೊಸಬರು ಹೀಗೆ ಕೇಳಿದರೆ ತಪ್ಪು ತಿಳಿಯುತ್ತಾರೆಂಬ ಅಳುಕು ಬೇಡ, ಇವು ಎಲ್ಲರೂ ಕೇಳಬೇಕಾದ ಪ್ರಶ್ನೆಗಳು. ಸೇರುವ ದಿನಾಂಕವನ್ನು ಮಾತ್ರ ಯಾವ ಕಾರಣಕ್ಕೂ ಮುಂದೂಡಬೇಡಿ, ಮನೆಯಲ್ಲಿ ಮದುವೆಯಿದ್ದರೂ ಸರಿ.

ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ, ಮಗಳಿಗೆ ಯಾವ ವಿಮಾನ ಇಷ್ಟ ಎಂಬ ಒಂದು ಸಾಲು ಇಲ್ಲ. ಇಂದು ಸಂಜೆ ಕೇಳಿ. ಕಂಪನಿಯ ಉತ್ತರ ಬಂದ ಮೇಲೆ ಕರಾರು ಪತ್ರ ಹಿಡಿದುಕೊಂಡು ಇಬ್ಬರೂ ಕಲಬುರಗಿಗೆ ಬನ್ನಿ. ಡಯಾಲಿಸಿಸ್ ಇರುವ ದಿನವೇ ಆದರೂ ಅಡ್ಡಿಯಿಲ್ಲ, ನಾನೇ ಆಸ್ಪತ್ರೆಗೆ ಬರುತ್ತೇನೆ. ತಾಯಿಯ ಎದುರಲ್ಲೇ ಸಾಲು ಸಾಲಾಗಿ ಓದೋಣ.